ಮಕ್ಕಳ ಹೆಸರಿನ ಪುಸ್ತಕದ ಪಾದಾರವಿಂದಗಳಿಗೆ

ಮ.ರಾ.ರಾ. ಹೆಸರಿನ ಪುಸ್ತಕ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಶಿಕಾರಿಪುರ ತಾಲ್ಲೂಕಿನಿಂದ ತಮ್ಮ ಪಾದಸೇವಕ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ಇತ್ತ ಮಳೆ ಬೆಳೆ ಸುಮಾರು, ಮೆಕ್ಕೆಜೋಳದ ದರ ಕೇಳುವ ಹಾಗಿಲ್ಲ. ಅತ್ತ ತಾವು ಮಾತ್ರ ಮುದ್ರಣದಿಂದ ಮುದ್ರಣಕ್ಕೆ ಮೈ ತುಂಬಿಕೊಳ್ಳುತ್ತಿರುವುದನ್ನು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕಂಡು ಆನಂದವಾಯಿತು. ಪಂಚಾಂಗಕ್ಕೂ ಸತ್ಯನಾರಾಯಣ ವ್ರತಕಥೆಗೂ ನಡುವೆ ದಾರಕ್ಕೆ ನೇತುಬಿದ್ದು, ರಟ್ಟಿನ ಮೇಲೆ ಯಾವ ದೇಶದ್ದೋ ನೀಲಿಗಣ್ಣಿನ ಕೂಸನ್ನು ನಗಿಸುತ್ತಾ, ‘ಅರ್ಥಸಹಿತ ಸಾವಿರಾರು ಮುದ್ದು ಹೆಸರುಗಳು’ ಎಂದು ತಾವು ಸಾರುತ್ತಿರುವಾಗ ಕೈ ಮುಗಿಯದೆ ಮುಂದೆ ಹೋಗುವುದು ಹೇಗೆ? ಈಚೆಗೆ ಮೊಬೈಲಿನೊಳಗೂ ಅವತಾರ ಎತ್ತಿದ್ದೀರಿ. ಸರ್ವಾಂತರ್ಯಾಮಿಗಳು.

ಹೆಸರಿಗೆ ಅರ್ಥ ಬೇಕು ಎಂಬುದು ತಾವು ಬರುವ ತನಕ ನಮಗೆ ಹೊಳೆದೇ ಇರಲಿಲ್ಲ. ನನ್ನ ಅಜ್ಜನ ಹೆಸರು ಹುಚ್ಚಪ್ಪ. ಊರಿನಲ್ಲಿ ಗದ್ದೆಯ ಬದುವಿನ ಜಗಳ ಬಂದರೆ ಪಂಚಾಯ್ತಿಗೆ ಮೊದಲು ಕರೆ ಹೋಗುತ್ತಿದ್ದದ್ದು ಅವನಿಗೆ. ಲೆಕ್ಕದಲ್ಲಿ ಕಾಸು ತಪ್ಪಿದವನಲ್ಲ. ಆ ಹೆಸರು ಕೇಳಿ ಯಾರೂ ನಗಲಿಲ್ಲ. ನಗುವುದಾದರೂ ಹೇಗೆ? ಶಿಕಾರಿಪುರದ ಒಡೆಯನೇ ಹುಚ್ಚರಾಯಸ್ವಾಮಿ, ಸಾಕ್ಷಾತ್ ಆಂಜನೇಯ. ಊರ ಪಕ್ಕದ ಕೆರೆ ಹುಚ್ಚರಾಯನ ಕೆರೆ. ಅವನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಗಂಡು ಹುಚ್ಚರಾಯಪ್ಪನೋ ಹುಚ್ಚಪ್ಪನೋ ಆಗುತ್ತಿದ್ದ, ಹೆಣ್ಣು ಹುಚ್ಚಮ್ಮ ಆಗುತ್ತಿದ್ದಳು. ಹೆಸರು ಕಿವಿಗೆ ಬಿದ್ದ ಕೂಡಲೇ ಹೊನ್ನಾಳಿಯ ದನದ ವ್ಯಾಪಾರಿಗೂ ಗೊತ್ತಾಗುತ್ತಿತ್ತು: ಇವನು ಶಿಕಾರಿಪುರ ಸೀಮೆಯವನು, ಇವನ ಮನೆಯಲ್ಲಿ ಒಂದು ಹರಕೆ ತೀರಿದೆ. ಹೆಸರಿನಿಂದ ಅದಕ್ಕಿಂತ ಹೆಚ್ಚಿನ ಕೆಲಸವನ್ನು ಯಾರೂ ಬೇಡಲಿಲ್ಲ. ತಾವು ಬಂದು ನಮ್ಮ ಕಣ್ಣು ತೆರೆಸಿದಿರಿ, ಹುಚ್ಚ ಎಂದರೆ ತಲೆ ಕೆಟ್ಟವನು ಎಂದು ತಿಳಿಸಿಕೊಟ್ಟಿರಿ. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದ. ಅವನ ಪುಣ್ಯ.

ತಮ್ಮ ಕೊನೆಯ ಪುಟಗಳ ನಕ್ಷತ್ರ ಕೋಷ್ಟಕಕ್ಕೂ ನನ್ನ ಅನಂತ ವಂದನೆಗಳು ಸಲ್ಲಬೇಕು. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಪುಷ್ಯ ನಕ್ಷತ್ರದ ಮೊದಲ ಪಾದಕ್ಕೆ ‘ಹು’ ಎಂದು ತಾವೇ ಅಚ್ಚು ಹಾಕಿಸಿದ್ದೀರಿ. ಆ ಗಳಿಗೆಯಲ್ಲಿ ಹುಟ್ಟಿದ ಕೂಸಿಗೆ ಹುಚ್ಚಪ್ಪನಿಗಿಂತ ಶಾಸ್ತ್ರೋಕ್ತ ಹೆಸರು ಇನ್ನೊಂದಿದೆಯೇ ಸ್ವಾಮಿ? ಆದರೆ ‘ಹು’ ಎಂಬಲ್ಲಿ ಹುಡುಕಿದರೆ ಸಿಗುವುದು ಹುತಾಶನ. ಎಂದರೆ ಅಗ್ನಿ, ಹಾಕಿದ ಹವಿಸ್ಸನ್ನೆಲ್ಲ ತಿನ್ನುವವನು. ಹಿತ್ತಲ ಬಾಗಿಲಲ್ಲಿ ನಿಂತ ತಾಯಿ ‘ಹುತಾಶನಾ, ಉಣ್ಣಾಕೆ ಬಾರೋ’ ಎಂದು ಕೂಗುವುದನ್ನು ಒಮ್ಮೆ ಕೇಳಿ ಕಣ್ಣು ಮುಚ್ಚಬೇಕೆಂಬುದು ನನ್ನ ಆಸೆ. ಆರಿದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಙ’ ದಯಪಾಲಿಸಿದ್ದೀರಿ. ಒಂದನೇ ಕ್ಲಾಸಿನ ಗೋಡೆಯ ಮೇಲೆ ಬಿಟ್ಟರೆ ಆ ಅಕ್ಷರ ಈ ತಾಲ್ಲೂಕಿನಲ್ಲಿ ಎಲ್ಲಿಯೂ ಒಂಟಿಯಾಗಿ ಓಡಾಡಿದ್ದನ್ನು ಕಂಡವರಿಲ್ಲ. ಅಲ್ಲಿ ತಾವೂ ಕೈ ಚೆಲ್ಲಿ, ‘ಇಷ್ಟದೇವತೆಯ ಹೆಸರನ್ನು ಇಡಬಹುದು’ ಎಂದು ಸಣ್ಣ ಅಕ್ಷರದಲ್ಲಿ ಜಾರಿಕೊಂಡಿದ್ದೀರಿ. ಇಷ್ಟದೇವತೆ ಎಂದರೆ ನಮಗೆ ಮತ್ತೆ ಹುಚ್ಚರಾಯನೇ.

ಅರ್ಥ ಹಂಚುವುದರಲ್ಲಿ ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ನಮ್ಮ ನೆಂಟರ ಮನೆಯಲ್ಲಿ ತಮ್ಮ ಪ್ರಸಾದದಿಂದ ಒಬ್ಬ ಆರವ್ ಇದ್ದಾನೆ. ‘ಶಾಂತ ಸ್ವಭಾವದವನು’ ಎಂದು ತಾವು ಬರೆದಿದ್ದನ್ನು ನಂಬಿ ಇಟ್ಟ ಹೆಸರು. ಸಂಸ್ಕೃತ ನಿಘಂಟಿನಲ್ಲಿ ನೋಡಿದರೆ ಆರವ ಎಂದರೆ ಕೂಗು, ಸದ್ದು, ಅರಚಾಟ. ಕಲರವ ಎಂಬ ಮಾತು ಗೊತ್ತಿದ್ದವರಿಗೆ ನಿಘಂಟೂ ಬೇಕಾಗಿಲ್ಲ. ಹುಡುಗ ತಮ್ಮ ಮಾತನ್ನು ಒಂದು ದಿನವೂ ನಡೆಸಿಕೊಟ್ಟಿಲ್ಲ. ನಿಘಂಟಿನ ಮಾತನ್ನು ಹಗಲಿರುಳು ಪಾಲಿಸುತ್ತಿದ್ದಾನೆ. ಇನ್ನು ಶನಾಯಾ. ‘ಸೂರ್ಯನ ಮೊದಲ ಕಿರಣ, ಸಂಸ್ಕೃತ ಮೂಲ’ ಎಂದಿದ್ದೀರಿ. ಆ ಕಿರಣ ನಮ್ಮ ಕಡೆ ಬಿದ್ದದ್ದು 2012ರಲ್ಲಿ, ‘ಸ್ಟೂಡೆಂಟ್ ಆಫ್ ದಿ ಇಯರ್’ ಎಂಬ ಹಿಂದಿ ಸಿನಿಮಾದ ನಾಯಕಿಯ ಮೂಲಕ. ಆರಾಧ್ಯ ಎಂಬುದು ವೀರಶೈವರಲ್ಲಿ ಗಂಡಸರ ಹೆಸರಿನ ಬಾಲಕ್ಕೆ ಇರುತ್ತಿದ್ದ ಘನವಾದ ಪದ, ಹನ್ನೆರಡನೆಯ ಶತಮಾನದ ಮಲ್ಲಿಕಾರ್ಜುನ ಪಂಡಿತಾರಾಧ್ಯರನ್ನು ನೆನೆಯಿರಿ. ಈಗ ಅಂಗನವಾಡಿಯಲ್ಲಿ ಆರಾಧ್ಯ ಎಂದು ಕರೆದರೆ ಲಂಗ ಸರಿಮಾಡಿಕೊಂಡು ಮೂವರು ಏಳುತ್ತಾರೆ.

ಹೊಸ ಹೆಸರು ಕಟ್ಟುವುದು ತಪ್ಪು ಎನ್ನುವಷ್ಟು ಮುದುಕ ನಾನಲ್ಲ. ಇಂಗ್ಲಿಷಿನ ಜೊನಾಥನ್ ಸ್ವಿಫ್ಟ್ ತನ್ನ ಗೆಳತಿ ಎಸ್ತರ್ ವ್ಯಾನ್‌ಹೊಮ್ರಿಯ ಹೆಸರಿನ ತುಂಡುಗಳನ್ನು ಜೋಡಿಸಿ ವನೆಸ್ಸಾ ಎಂದು ಮಾಡಿದ. ಮಿರಾಂಡ ಎಂಬ ಹೆಸರು ಶೇಕ್ಸ್‌ಪಿಯರನ ನಾಟಕದಿಂದ ಇಳಿದು ಮನೆಮನೆಯ ತೊಟ್ಟಿಲಿಗೆ ಹೋಯಿತು. ಆದರೆ ಅವರಿಬ್ಬರೂ ಅದನ್ನು ಯಜುರ್ವೇದದಿಂದ ಎತ್ತಿದ್ದು ಎಂದು ಹೇಳಿಕೊಂಡು ಮಾರಲಿಲ್ಲ. ತಮ್ಮ ಪ್ರತಿಭೆ ಅವರಿಗಿಲ್ಲ.

ತಮ್ಮ ಆಗಮನಕ್ಕೆ ದಾರಿ ಮಾಡಿಟ್ಟವರು ನಾವೇ ಎಂಬುದನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಸೀಮೆಯ ಯಾವ ಪಡಿತರ ಚೀಟಿಯನ್ನಾದರೂ ತೆಗೆದು ನೋಡಿ. ತಾತ ಹಾಲಪ್ಪ, ಮಗ ಹಾಲೇಶ. ತಾತ ಮಲ್ಲಪ್ಪ, ಮಗ ಮಲ್ಲೇಶ. ರುದ್ರಪ್ಪ ರುದ್ರೇಶನಾದ, ಲೋಕಪ್ಪ ಲೋಕೇಶನಾದ. ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ತಲೆಮಾರು ‘ಅಪ್ಪ’ನನ್ನು ಹೊಲದಲ್ಲೇ ಬಿಟ್ಟು ‘ಈಶ’ನನ್ನು ಜೊತೆಗೆ ಕರೆದುಕೊಂಡು ಹೋಯಿತು. ಆದರೂ ಹೆಸರಿನೊಳಗೆ ದೇವರು ಹಾಲಸ್ವಾಮಿ ಉಳಿದಿದ್ದ, ಮಲ್ಲಯ್ಯ ಉಳಿದಿದ್ದ. ಮೂರನೆಯ ತಲೆಮಾರಿಗೆ ತಾವು ಬಂದಿರಿ. ಹಾಲೇಶನ ಮಗ ಈಗ ರಿಯಾನ್ಶ್. ತಾತ ಆ ಹೆಸರನ್ನು ಕರೆಯಲಾರ. ‘ಏ ಕೂಸೇ’ ಎನ್ನುತ್ತಾನೆ. ಹುಡುಗ ಓಗೊಡುವುದು ಅದಕ್ಕೇ.

ನನ್ನ ತಾಯಿಯ ತವರು ಸೊರಬದ ಕಡೆ. ಅಲ್ಲಿನ ಅಪರಾಧವನ್ನೂ ತಮ್ಮ ಪಾದಕ್ಕೆ ಅರ್ಪಿಸುತ್ತೇನೆ. ಚಂದ್ರಗುತ್ತಿಯ ಬೆಟ್ಟದ ರೇಣುಕಾಂಬೆ ಒಕ್ಕಲ ಬಾಯಲ್ಲಿ ಗುತ್ಯಮ್ಮ. ಅವಳಿಗೆ ನಡೆದುಕೊಳ್ಳುವವರ ಮನೆಯಲ್ಲಿ ಗುತ್ಯಪ್ಪ, ಗುತ್ಯಮ್ಮ, ರೇಣುಕಪ್ಪ ಎಂದು ಹೆಸರಿರುತ್ತಿದ್ದವು. ಹೆಣ್ಣು ದೇವರ ಹೆಸರು ಹೊತ್ತ ಗಂಡಸು ಮೀಸೆ ತಿರುವಿಕೊಂಡು ಸಂತೆಗೆ ಹೋಗುತ್ತಿದ್ದ, ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ತಮ್ಮ ಪುಸ್ತಕದಲ್ಲಿ ರೇಣು ಎಂದರೆ ಧೂಳು ಎಂಬ ಅರ್ಥ ಇದೆ. ಗುತ್ಯಪ್ಪನಿಗೆ ಧೂಳಿನಷ್ಟೂ ಜಾಗವಿಲ್ಲ. ಶಿವಮೊಗ್ಗದಲ್ಲಿ ಗುತ್ಯಪ್ಪ ಕಾಲೊನಿ ಎಂಬ ಬಡಾವಣೆಯೇ ಇದೆ. ಮನೆಯ ವಿಳಾಸಕ್ಕೆ ಒಪ್ಪುವ ಹೆಸರು ಮನೆಯ ಮಗುವಿಗೆ ಒಪ್ಪುವುದಿಲ್ಲ ಎಂಬ ಸೂಕ್ಷ್ಮವನ್ನು ತಮ್ಮಿಂದ ಕಲಿತೆವು.

ಇಲ್ಲೊಂದು ವಿಷಯ ತಮ್ಮ ಗಮನಕ್ಕೆ ಬರಲಿಲ್ಲವೆಂದು ತೋರುತ್ತದೆ, ಅಪ್ಪಣೆಯಾದರೆ ಹೇಳುತ್ತೇನೆ. ನಮ್ಮಲ್ಲಿ ಮಗುವಿಗೆ ದೇವರ ಹೆಸರಿಟ್ಟರೆ ಸಾಲದು, ಆ ದೇವರು ಯಾವ ಊರಿನವನು ಎಂಬುದೂ ಹೆಸರಿನಲ್ಲೇ ಬರಬೇಕು. ಶಿಕಾರಿಪುರದ ಹನುಮಂತ ಹುಚ್ಚರಾಯ. ಕಾವೇರಿ ದಡದ ಮುತ್ತತ್ತಿಯ ಹನುಮಂತ ಮುತ್ತತ್ತಿರಾಯ. ಆ ಮುತ್ತತ್ತಿರಾಯನ ಹೆಸರಿನಲ್ಲಿ ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನಾದ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದ. ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನ ಗದ್ದುಗೆಯಿದೆ. ಮಂಡ್ಯದ ಬೂಕನಕೆರೆಯಲ್ಲಿ ಹುಟ್ಟಿದ ಒಂದು ಮಗುವಿಗೆ ಆ ಯಡಿಯೂರಿನ ಹೆಸರಿಗೇ ‘ಅಪ್ಪ’ ಸೇರಿಸಿ ಇಟ್ಟರು. ಆ ಯಡಿಯೂರಪ್ಪನವರು 1983ರಲ್ಲಿ ನಮ್ಮ ಶಿಕಾರಿಪುರದಿಂದ ಶಾಸಕರಾದರು, ಮುಂದೆ ಮುಖ್ಯಮಂತ್ರಿಯೂ ಆದರು. ಇಡೀ ಹೆಸರಿನಲ್ಲಿ ದೇವರ ಸುಳಿವಿಲ್ಲ, ಬರೀ ಊರು. ಆದರೂ ಕೇಳಿದವರಿಗೆಲ್ಲ ದೇವರೇ ನೆನಪಾಗುತ್ತಾನೆ. ಇದನ್ನು ತಮ್ಮ ಯಾವ ಕೋಷ್ಟಕದಲ್ಲಿ ಕೂರಿಸುತ್ತೀರಿ?

ಯಡಿಯೂರಪ್ಪನವರ ಹೆಸರು ಬಂದಾಗ ತಮ್ಮ ‘ಸಂಖ್ಯಾಶಾಸ್ತ್ರ ವಿಭಾಗ’ಕ್ಕೂ ಒಂದು ಉದ್ದಂಡ ನಮಸ್ಕಾರ ಹಾಕಿಬಿಡುತ್ತೇನೆ. 2007ರಲ್ಲಿ ಅವರು ಇಂಗ್ಲಿಷ್ ಹೆಸರಿನ ನಡುವಿನ ಒಂದು ‘ಐ’ ತೆಗೆದು ಇನ್ನೊಂದು ‘ಡಿ’ ಹಾಕಿಕೊಂಡರು. 2019ರಲ್ಲಿ ‘ಡಿ’ ಬಿಟ್ಟು ‘ಐ’ಗೆ ಮರಳಿದರು. ಈ ಹನ್ನೆರಡು ವರ್ಷವೂ ಶಿಕಾರಿಪುರದ ಗೋಡೆಗಳ ಮೇಲೆ ಕನ್ನಡದಲ್ಲಿ ಅವರ ಹೆಸರು ಇದ್ದ ಹಾಗೆಯೇ ಇತ್ತು, ಒಂದು ಒತ್ತಕ್ಷರವೂ ಅಲುಗಲಿಲ್ಲ. ಗ್ರಹಗಳು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿವೆ ಎಂಬ ದೊಡ್ಡ ಸತ್ಯ ನಮಗೆ ತಿಳಿದದ್ದು ಆಗ. ಅಕ್ಷರ ಬದಲಿಸಿಕೊಂಡವರು ನಮ್ಮ ತಾಲ್ಲೂಕಿಗೆ ಹೊಸಬರೇನಲ್ಲ. ತಾಳಗುಂದದ ಮಯೂರಶರ್ಮ ಓದಲು ಕಾಂಚಿಗೆ ಹೋಗಿ, ಅವಮಾನ ಉಂಡು, ದರ್ಭೆ ಬಿಟ್ಟು ಕತ್ತಿ ಹಿಡಿದ. ಕದಂಬ ರಾಜ್ಯ ಕಟ್ಟಿದ ಮೇಲೆ ಆ ವಂಶದವರ ಹೆಸರಿನಲ್ಲಿ ಶರ್ಮ ಹೋಗಿ ವರ್ಮ ಬಂತು. ಮೊದಲು ರಾಜ್ಯ, ಆಮೇಲೆ ಅಕ್ಷರ. ತಾವು ಈ ಕ್ರಮವನ್ನು ತಿರುಗಿಸಿ, ಇನ್ನೂ ಕುತ್ತಿಗೆ ನಿಲ್ಲದ ಕೂಸಿನ ಹೆಸರಿಗೆ ಎರಡು ‘ಎ’ ಸೇರಿಸಿದರೆ ರಾಜಯೋಗ ಎಂದು ಬರೆದು ಎಷ್ಟೋ ತಾಯ್ತಂದೆಯರಿಗೆ ಕತ್ತಿ ಹಿಡಿಯುವ ಕಷ್ಟ ತಪ್ಪಿಸಿದ್ದೀರಿ.

ಆ ಮಯೂರನ ಕಥೆ ನಮಗೆ ಸಿಕ್ಕಿದ್ದು ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಕಂಬದಿಂದ. ಐದನೆಯ ಶತಮಾನದ ಕಂಬ, ಮೈತುಂಬ ಸೊಗಸಾದ ಸಂಸ್ಕೃತ ಪದ್ಯ. ಮನೆಯ ಹತ್ತಿರ ಕದಂಬದ ಮರವೊಂದು ಬೆಳೆದಿತ್ತು, ಅದರಿಂದ ಮನೆತನಕ್ಕೆ ಆ ಹೆಸರು ಬಂತು ಎಂದೂ ಅಲ್ಲಿ ಬರೆದಿದೆ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎಂದು ಕವಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆತನ ಹೆಸರು ಕುಬ್ಜ. ಕುಳ್ಳ ಅನ್ನಿ, ಗೂನ ಅನ್ನಿ. ಅವನ ತಾಯಿಯ ಕೈಗೆ ತಮ್ಮ ಒಂದು ಪ್ರತಿ ಸಿಕ್ಕಿದ್ದರೆ ಅವನು ಕವೀಶನೋ ಕಾವ್ಯಾಂಶನೋ ಆಗಿ ಹುಟ್ಟುತ್ತಿದ್ದ. ಸಿಗಲಿಲ್ಲ. ಕೀಳಾದ ಹೆಸರಿನಿಂದ ಬದುಕು ಕೀಳಾಗುತ್ತದೆ ಎಂದು ತಾವು ಪುಟದ ಅಡಿಯಲ್ಲಿ ದಪ್ಪಕ್ಷರದಲ್ಲಿ ಎಚ್ಚರಿಸಿದ್ದನ್ನು ಓದಿದಾಗೆಲ್ಲ ನಾನು ಆ ಕಂಬದ ಕಡೆ ಹೋಗಿ ಬರುವುದುಂಟು.

ಕೀಳು ಹೆಸರು ಬೇಕೆಂದೇ ಇಡುತ್ತಿದ್ದ ಕಾಲವೂ ಇತ್ತು, ಅದು ತಮ್ಮಂಥ ನಾಜೂಕಿನವರಿಗೆ ತಿಳಿಯದಿರುವುದು ಸಹಜ. ಹುಟ್ಟಿದ್ದೆಲ್ಲ ಸತ್ತುಹೋದ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು ಬಂದು ತಿಪ್ಪ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಗುಂಡ, ಕಲ್ಲ ಎಂದೂ ಇಡುತ್ತಿದ್ದರು. ಬೇಡದ್ದು ಎಂದು ತೋರಿಸಿದರೆ ಜವರಾಯ ಕೈ ಹಾಕಲಾರ ಎಂಬ ಲೆಕ್ಕ. ಆ ಹೆಸರಿನಲ್ಲಿ ಇದ್ದದ್ದು ತಾಯಿಯ ಹೆದರಿಕೆ. ಇದು ಕನ್ನಡಿಗರ ಕಸುಬು ಮಾತ್ರವಲ್ಲ. ಚೀನಾದ ಹಳ್ಳಿಗಳಲ್ಲಿ ಮಗುವನ್ನು ನಾಯಿಯ ಹೆಸರಿನಿಂದ ಕರೆದು ದೆವ್ವದ ಕಣ್ಣು ತಪ್ಪಿಸುತ್ತಿದ್ದರು. ನೈಜೀರಿಯಾದ ಯೊರುಬಾ ಜನ, ಹುಟ್ಟಿ ಹುಟ್ಟಿ ಸಾಯುವ ಕೂಸನ್ನು ಅಬಿಕು ಎನ್ನುತ್ತಾರೆ. ಅಂಥ ಮಗುವಿಗೆ ‘ಇನ್ನು ಹೋಗಬೇಡ’, ‘ಇದ್ದು ಬದುಕನ್ನು ಉಣ್ಣು’ ಎಂದು ಬೇಡುವ ಹೆಸರುಗಳನ್ನೇ ಇಡುತ್ತಾರೆ. ಮರಾಠಿಯಲ್ಲಿ ಕಲ್ಲಿಗೆ ಧೋಂಡ, ಹಾಗಾಗಿ ಧೋಂಡು, ಧೋಂಡಿಬಾ. ಅಂಥ ಒಬ್ಬ ಕಲ್ಲಪ್ಪನೇ ಚನ್ನಗಿರಿಯ ಧೋಂಡಿಯ ವಾಘ್; ವಾಘ್ ಎಂದರೆ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಯಲ್ಲೆಲ್ಲ ದಂಡು ಕಟ್ಟಿ ಇಂಗ್ಲಿಷರನ್ನು ಕಾಡಿದ, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡ. ಕಲ್ಲಿನಿಂದ ಹುಲಿ, ಹುಲಿಯಿಂದ ಎರಡು ಲೋಕದ ಒಡೆಯ; ಎಲ್ಲವೂ ತಮ್ಮ ಸಹಾಯವಿಲ್ಲದೆ.

ಹೀಗೆಂದು ಹಳೆಯ ಹೆಸರುಗಳಿಗೆಲ್ಲ ನಾನು ಆರತಿ ಎತ್ತುತ್ತಿಲ್ಲ. ಒಂದು ಉಪಕಾರಕ್ಕೆ ವ್ಯಂಗ್ಯ ಬಿಟ್ಟು ಕೈ ಮುಗಿಯುತ್ತೇನೆ. ಹೆಸರು ಕೇಳಿದ ಕೂಡಲೇ ಸೀಮೆ ಗೊತ್ತಾಗುತ್ತಿದ್ದಂತೆ ಜಾತಿಯೂ ಗೊತ್ತಾಗುತ್ತಿತ್ತು. ಗೌಡರ ಮನೆಯ ಕೂಸು ತೊಟ್ಟಿಲಲ್ಲೇ ಕೆಂಚಪ್ಪ, ಕೇರಿಯ ಮುದುಕ ಸಾಯುವ ತನಕ ಕೆಂಚ. ಅದೇ ಹೆಸರು, ‘ಅಪ್ಪ’ ಎಂಬ ಎರಡಕ್ಷರಕ್ಕೆ ಅವನಿಗೆ ಹಕ್ಕಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಮಗನ ಹೆಸರನ್ನು ಮೇಷ್ಟ್ರು ತಮಗೆ ತೋಚಿದಷ್ಟೇ ಉದ್ದಕ್ಕೆ ಬರೆದರು. ಹನ್ನೆರಡನೆಯ ಶತಮಾನದಲ್ಲಿ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂದು ‘ಅಯ್ಯ’ ಸೇರಿಸಿ ಕರೆದದ್ದು ಎಷ್ಟು ದೊಡ್ಡ ಕೆಲಸ ಎಂಬುದು ಇದನ್ನು ಕಂಡವರಿಗೆ ಗೊತ್ತು. ಅಲ್ಲಮನ ಬಳ್ಳಿಗಾವಿಯೂ ಅಕ್ಕನ ಉಡುತಡಿಯೂ ಇರುವ ತಾಲ್ಲೂಕಿನಲ್ಲೇ ಆ ಪಾಠ ಮರೆತುಹೋಗಿತ್ತು. ಇವತ್ತು ಕೇರಿಯಲ್ಲಿ ಹುಟ್ಟಿದ ವಿಹಾನನಿಗೂ ಅಗ್ರಹಾರದ ವಿಹಾನನಿಗೂ ಕೇಳಿದವರು ವ್ಯತ್ಯಾಸ ಹುಡುಕಲಾರರು. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ಬೇಡವಾದವಳು’ ಎಂದು ನಕುಸಾ ಎಂಬ ಹೆಸರು ಹೊತ್ತಿದ್ದ 285 ಹೆಣ್ಣುಮಕ್ಕಳಿಗೆ 2011ರಲ್ಲಿ ಸಭೆ ಮಾಡಿ ಹೊಸ ಹೆಸರು ಕೊಟ್ಟರು. ನಮ್ಮ ಸಾಕಮ್ಮಂದಿರಿಗೆ ಯಾರೂ ಸಭೆ ಮಾಡಲಿಲ್ಲ. ಅಂಥ ಹೆಸರು ಈಗ ಹೊಸದಾಗಿ ಯಾರಿಗೂ ಬೀಳುತ್ತಿಲ್ಲವಾದರೆ ಅದರಲ್ಲಿ ತಮ್ಮದೂ ಪಾಲಿದೆ. ಈ ಪ್ಯಾರಾವನ್ನು ತಾವು ಮುಂದಿನ ಮುದ್ರಣದ ಬೆನ್ನಿನ ಮೇಲೆ ಹಾಕಿಕೊಳ್ಳಬಹುದು.

ಹೆಣ್ಣುಮಕ್ಕಳ ವಿಭಾಗದ ಗುಲಾಬಿ ಬಣ್ಣದ ಪುಟಗಳಿಗೆ ಮಾತ್ರ ಬೇರೆ ನಮಸ್ಕಾರ. ಅಲ್ಲಿ ಹೂವು, ಬಳ್ಳಿ, ಬೆಳದಿಂಗಳು, ಕೋಮಲೆ, ಸುಂದರಿ, ಮೃದುಭಾಷಿಣಿ. ಗಂಡುಮಕ್ಕಳ ಕಡೆ ಸಿಂಹ, ಸೂರ್ಯ, ವಿಜಯ, ಒಡೆಯ. ನಮ್ಮ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿದೆ. ರಾಷ್ಟ್ರಕೂಟರ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿಗೆ ಬಂತು. ಚೆನ್ನಾಗಿ ಆಳಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಜೈನವ್ರತ ಹಿಡಿದು ದೇಹ ಬಿಟ್ಟಳು. ಅವಳು ಜಕ್ಕಿಯಬ್ಬೆ. ‘ಅಬ್ಬೆ’ ಎಂಬುದೇ ನಮ್ಮ ಅವ್ವ. ಅಬ್ಬೆ ಎಂದು ಮುಗಿಯುವ ಹೆಸರು ಶಾಸನಗಳಲ್ಲಿ ಬೇಕಾದಷ್ಟಿವೆ. ತಮ್ಮ ಪುಸ್ತಕದಲ್ಲಿ ಒಂದೂ ಇಲ್ಲ. ಬೆಳದಿಂಗಳಿನಂಥ ಮಗಳಿಗೆ ನಾಡು ಆಳುವ ತಾಪತ್ರಯ ಏಕೆ ಎಂಬ ತಮ್ಮ ಅಂತಃಕರಣ ಅರ್ಥವಾಗುತ್ತದೆ.

ಹೊಸ ಮುದ್ರಣದಲ್ಲಿ ‘ವಿದೇಶಕ್ಕೆ ಹೋಗುವವರಿಗೆ ಸರ್‌ನೇಮ್ ಮಾರ್ಗದರ್ಶಿ’ ಸೇರಿಸಿದ್ದೀರಿ. ಬೇಕಾದದ್ದೇ. ಊರು, ಅಪ್ಪ, ತಾನು ಎಂದು ಎರಡು ಇನಿಷಿಯಲ್ಲಿನಲ್ಲಿ ಬದುಕಿದ ಜನ ನಾವು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ದಾಖಲೆಯಲ್ಲಿ ಮೊದಲ ಹೆಸರು ಗೊತ್ತಿಲ್ಲವೆಂದು ‘ಎಫ್‌ಎನ್‌ಯು’ ಹಾಕುತ್ತಾರೆ, ಹುಡುಗ ಅಲ್ಲಿ ಫ್ನು ಆಗುತ್ತಾನೆ. ದುಬೈ ಕಡೆಯವರು 2022ರ ನವೆಂಬರಿನಲ್ಲಿ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾವೇ ಇಲ್ಲ ಎಂದರು. ಐಸ್‌ಲ್ಯಾಂಡಿನವರು ಇಂದಿಗೂ ಅಪ್ಪನ ಹೆಸರಿಗೆ ‘ಮಗ’, ‘ಮಗಳು’ ಸೇರಿಸಿಕೊಂಡು ಆರಾಮಾಗಿದ್ದಾರೆ. ಅವರನ್ನು ಯಾರೂ ಸರ್‌ನೇಮ್ ಎಲ್ಲಿ ಎಂದು ಕೇಳಿ ವಿಮಾನದಿಂದ ಇಳಿಸುವುದಿಲ್ಲ. ನಮ್ಮ ಸೊರಬವೂ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದೆ: ಕುಬಟೂರಿನ ಬಂಗಾರಪ್ಪನವರ ಹೆಸರು ಮಕ್ಕಳಿಗೆ ಮನೆತನದ ಹೆಸರಾಯಿತು. 2018ರ ಚುನಾವಣೆಯಲ್ಲಿ ಕುಮಾರ್ ಬಂಗಾರಪ್ಪ, 2023ರಲ್ಲಿ ಮಧು ಬಂಗಾರಪ್ಪ. ಅಣ್ಣತಮ್ಮ ಎದುರುಬದುರು ನಿಂತರೂ ಸೊರಬದಲ್ಲಿ ಗೆದ್ದದ್ದು ಬಂಗಾರಪ್ಪನೇ. ಅಪ್ಪನ ಹೆಸರೇ ಏಕೆ ಎಂದು ಕೇಳುವವರಿಗೂ ಉತ್ತರ ನಮ್ಮಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಪ್ರಾಕೃತ ಶಾಸನದ ಸಾತಕರ್ಣಿ ರಾಜ ತನ್ನನ್ನು ಹಾರೀತಿಪುತ್ರ ಎಂದು ತಾಯ ಕಡೆಯಿಂದಲೇ ಗುರುತಿಸಿಕೊಂಡಿದ್ದಾನೆ.

ಶಿರಾಳಕೊಪ್ಪದ ಸಂತೆಯಲ್ಲಿ ಬುಡನ್ ಸಾಬರ ಅಂಗಡಿಯ ಪಕ್ಕ ಫಕೀರಪ್ಪನ ಅಂಗಡಿ ಇದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಪೀರರ ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದ ಹಿಂದೂ ಮಗು ಫಕೀರಪ್ಪ, ಹೆಣ್ಣಾದರೆ ಫಕೀರಮ್ಮ. ಅರಬ್ಬಿಯ ಒಂದು ಪದ, ಕನ್ನಡದ ಒಂದು ಅಪ್ಪ, ನಡುವೆ ಜಗಳವಿಲ್ಲ. ತಾವು ಹಿಂದೂ ಹೆಸರಿಗೆ ಒಂದು ಪುಸ್ತಕ, ಮುಸ್ಲಿಂ ಹೆಸರಿಗೆ ಇನ್ನೊಂದು ಪುಸ್ತಕ ಎಂದು ಬೇರೆ ಬೇರೆ ದಾರಕ್ಕೆ ನೇತುಬಿದ್ದಿದ್ದೀರಿ. ಫಕೀರಪ್ಪ ಎರಡರಲ್ಲೂ ಇಲ್ಲ. ಅಚ್ಚುಕಟ್ಟು ಎಂದರೆ ಇದು.

ಕೊನೆಯ ದೂರನ್ನು ಹೇಳುವಾಗ ಉಪಚಾರದ ಮಾತು ಸರಿಯಾಗಿ ಹೊರಡದಿದ್ದರೆ ಕ್ಷಮಿಸಬೇಕು. 1942ರಲ್ಲಿ ಶಿಕಾರಿಪುರದ ಪಕ್ಕದ ಈಸೂರು ತಾನು ಸ್ವತಂತ್ರ ಎಂದು ಸಾರಿ ತನ್ನದೇ ಸರ್ಕಾರ ಕಟ್ಟಿತು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಈ ಐದನ್ನೂ ತಮ್ಮಲ್ಲಿ ಹುಡುಕಿದೆ. ಸೂರ್ಯನಾರಾಯಣ ಸಿಕ್ಕಿದ, ಅದೂ ಆಚಾರ್ ಕಳೆದುಕೊಂಡು. ಉಳಿದ ನಾಲ್ವರಿಗೆ ಜಾಗ ಸಾಲದೇ ಹೋಗಿದೆ. ‘ಶೌರ್ಯ’ ಎಂಬ ಹೆಸರು ಮಾತ್ರ ಗಂಡುಮಕ್ಕಳಲ್ಲೂ ಇದೆ, ಹೆಣ್ಣುಮಕ್ಕಳಲ್ಲೂ ಇದೆ, ಅರ್ಥಸಹಿತ.

ಇಷ್ಟು ಸೇವೆ ಪಡೆದ ಮೇಲೆ ಕೇಳಬಾರದು, ಆದರೂ ಮೂರು ಬಿನ್ನಹಗಳಿವೆ. ಸಿನಿಮಾದಿಂದ ಬಂದ ಹೆಸರಿನ ಮುಂದೆ ವೇದದ ಬದಲು ಸಿನಿಮಾದ ಹೆಸರನ್ನೇ ಹಾಕಿ, ಅದರಲ್ಲಿ ಅವಮಾನವೇನಿಲ್ಲ. ‘ಹು’ ಅಕ್ಷರದಲ್ಲಿ ಹುತಾಶನನ ಪಕ್ಕ ನಮ್ಮ ಅಜ್ಜನಿಗೆ ಒಂದು ಸಾಲು ಕೊಡಿ. ಹಿಂದಿನ ರಟ್ಟಿನ ಒಳಗೆ ಎರಡು ಪುಟ ಖಾಲಿ ಬಿಟ್ಟು, ‘ನಿಮ್ಮ ಮನೆಯ ಹಿರಿಯರ ಹೆಸರುಗಳು’ ಎಂದು ಮೇಲೆ ಅಚ್ಚು ಹಾಕಿಸಿ. ಕಾಗದದ ಖರ್ಚು ಹೆಚ್ಚಾದರೆ ಸಂಖ್ಯಾಶಾಸ್ತ್ರದ ಪುಟಗಳನ್ನು ತೆಗೆಯಬಹುದು.

ಈ ಪತ್ರ ಬಹಿರಂಗವಾದ್ದರಿಂದ ಪುಸ್ತಕ ಕೊಳ್ಳಲು ನಿಂತಿರುವ ತಾಯ್ತಂದೆಯರಿಗೂ ಒಂದು ಮಾತು. ತೊಟ್ಟಿಲು ಹಾಕುವ ದಿನ ಹತ್ತಿರ ಬಂತೆಂದು ಗಾಬರಿ ಬೇಡ. ಜನನ ಮರಣ ನೋಂದಣಿಯ 1969ರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಶುಲ್ಕ ಕಟ್ಟಿದರೆ 15 ವರ್ಷದ ತನಕ ಅವಕಾಶವಿದೆ. ಅಷ್ಟರೊಳಗೆ ಅಜ್ಜಿಯನ್ನು ಒಂದು ಸಲ ಕೇಳಿ.

ಇಂತಿ ತಮ್ಮ ಆಜ್ಞಾಧಾರಕ,
ಹುಚ್ಚಪ್ಪನ ಮೊಮ್ಮಗ,
ಶಿಕಾರಿಪುರ ತಾಲ್ಲೂಕು